ಸಂಗೀತಗಾರರ ಹೊಟ್ಟೆಪಾಡು

ನಮ್ಮ ಭಾಗದಲ್ಲಿ ಸಂಗೀತವಿಲ್ಲದೆ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ಮದುವೆಯ ಹಂದರದಲ್ಲಿ ಸನಾದಿ ಊದಬೇಕು, ಜಾತ್ರೆಯಲ್ಲಿ ಹಲಗಿ ಬಾರಿಸಬೇಕು, ಉರುಸಿನಲ್ಲಿ ಕವ್ವಾಲಿ ಹಾಡಬೇಕು, ಶ್ರಾವಣ ಬಂದರೆ ಮಠ ಮಂದಿರಗಳಲ್ಲಿ ಭಜನೆ ನಡೆಯಲೇಬೇಕು. ಆದರೆ ಊರಿನ ತರುಣನೊಬ್ಬ ‘ನಾನು ಹಾಡುತ್ತೇನೆ’ ಎಂದರೆ ಹಿರಿಯರು ತಲೆದೂಗಿ, ‘ಅದು ಸರಿ ತಮ್ಮಾ, ಹೊಟ್ಟೆಪಾಡಿಗೆ ಏನು ಮಾಡುತ್ತೀ?’ ಎಂದು ಮತ್ತೆ ಕೇಳುತ್ತಾರೆ. ಬಡಗಿಗೂ ಕಂಬಾರನಿಗೂ ವಕೀಲನಿಗೂ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸಂಗೀತಗಾರನಿಗೆ ಮಾತ್ರ ಏಕೆ ಕೇಳುತ್ತಾರೆ? ಎಲ್ಲರಿಗೂ ಬೇಕಾದ ಕೆಲಸ ಮಾಡುವವನಿಗೆ ಆ ಕೆಲಸದಿಂದಲೇ ಬದುಕುವುದು ಏಕೆ ಕಷ್ಟವಾಗಿದೆ? ಇದನ್ನು ತಿಳಿಯಲು ಹಿಂದಿನ ಸಂಗೀತಗಾರರು ಯಾರ ಅನ್ನ ಉಣ್ಣುತ್ತಿದ್ದರು ಎಂಬುದನ್ನು ಮೊದಲು ನೋಡಬೇಕು.

ಸ್ವಾತಂತ್ರ್ಯ ಬರುವವರೆಗೆ ಕೃಷ್ಣಾ ಮತ್ತು ಭೀಮಾ ನದಿಗಳ ಸುತ್ತಿನ ಈ ಪ್ರದೇಶವು ಚಿಕ್ಕದೊಡ್ಡ ಸಂಸ್ಥಾನಗಳ ನಾಡಾಗಿತ್ತು. ಕೊಲ್ಹಾಪುರ, ಮಿರಜ, ಸಾಂಗಲಿ, ಜತ್ತ, ಅಕ್ಕಲಕೋಟೆ, ಜಮಖಂಡಿ, ಮುಧೋಳ, ಹೀಗೆ ಅವುಗಳ ಪಟ್ಟಿ ಉದ್ದವಾಗಿದೆ. ಸಂಗೀತವನ್ನು ಮೆಚ್ಚುವ ಅರಸನಿದ್ದಲ್ಲಿ ಗವಾಯಿಗೆ ಆಶ್ರಯ ಸಿಗುತ್ತಿತ್ತು. ಜಯಪುರ–ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರು ಶಾಹೂ ಮಹಾರಾಜರ ಕೊಲ್ಹಾಪುರ ದರಬಾರಿನಲ್ಲಿದ್ದರು. ಉತ್ತರದ ಕೈರಾನಾದಿಂದ ಬಂದ ಅಬ್ದುಲ್ ಕರೀಮ್ ಖಾನರು ಬಡೋದೆಯ ದರಬಾರನ್ನು ಬಿಟ್ಟು, ಊರೂರು ತಿರುಗಿ, ಕೊನೆಗೆ ಮಿರಜದಲ್ಲಿ ಮನೆ ಮಾಡಿದರು. ಮೈಸೂರಿನ ದಸರೆಗೂ ಅವರಿಗೆ ಕರೆ ಬರುತ್ತಿತ್ತು. ಆದರೆ ದರಬಾರಿನ ಅನ್ನ ಭದ್ರವೆಂದು ತಿಳಿಯಬಾರದು. ಅರಸನ ಮರ್ಜಿ ಇರುವವರೆಗೆ ಮಾತ್ರ ಅದು. ಅರಸ ತೀರಿಕೊಂಡರೆ, ಮುಂದೆ ಬಂದವನಿಗೆ ಹಾಡಿಗಿಂತ ಬೇಟೆಯೇ ಹೆಚ್ಚು ಪ್ರಿಯವಾದರೆ, ಗವಾಯಿ ತನ್ನ ತಂಬೂರಿಯನ್ನು ಹೆಗಲಿಗೇರಿಸಿಕೊಂಡು ಬೇರೆ ಊರು ಹುಡುಕಬೇಕಾಗುತ್ತಿತ್ತು. ಮರ್ಯಾದೆಯ ಮಾತೂ ಅಷ್ಟೇ. ಗವಾಯಿಯ ಗಾನಕ್ಕೆ ಗೌರವ ಕೊಟ್ಟು ಗವಾಯಿಯನ್ನು ಮಾತ್ರ ಆಳಿನಂತೆ ಕಾಣುವ ಮನೆಗಳಿಗೆ ಆಗ ಕೊರತೆ ಇರಲಿಲ್ಲ.

ಈ ಪದ್ಧತಿಯಿಂದ ಹೊರಬರಲು ಯತ್ನಿಸಿದವರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಮುಖ್ಯರು. ಕುರುಂದವಾಡದಲ್ಲಿ ಹುಟ್ಟಿ, ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತ ಅವರು ೧೮೯೬ರಲ್ಲಿ ಸಂಸ್ಥಾನದ ಆಶ್ರಯವನ್ನು ಬಿಟ್ಟು ಹೊರಟರು. ಸೌರಾಷ್ಟ್ರದಲ್ಲಿ ಟಿಕೆಟ್ಟು ಇಟ್ಟು ಬಹಿರಂಗವಾಗಿ ಹಾಡಿದರು. ಯಾರು ಬೇಕಾದರೂ ಹಣ ಕೊಟ್ಟು ಬಂದು ಕೇಳಬಹುದು ಎಂಬುದು ಆಗ ಹೊಸ ಮಾತು. ೧೯೦೧ರಲ್ಲಿ ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಸಂಗೀತ ಕಲಿಸುವುದೂ ಶಾಲಾ ಮಾಸ್ತರಿಕೆಯಂತೆ ಒಂದು ಗೌರವದ ಉದ್ಯೋಗವಾಗಬೇಕೆಂಬುದು ಅವರ ಆಸೆಯಾಗಿತ್ತು. ಆಸೆ ದೊಡ್ಡದು, ಗಂಟು ಸಣ್ಣದು. ಮುಂಬಯಿಯಲ್ಲಿ ಕಟ್ಟಿಸಿದ ವಿದ್ಯಾಲಯದ ಕಟ್ಟಡ ಸಾಲಗಾರರ ಪಾಲಾಗಿ ಹರಾಜಾಯಿತು. ಆದರೂ ಅವರ ಶಿಷ್ಯರು ೧೯೩೧ರಲ್ಲಿ ಸ್ಥಾಪಿಸಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವು ಇಂದಿಗೂ ಪ್ರಾರಂಭಿಕದಿಂದ ಅಲಂಕಾರದವರೆಗೆ ಪರೀಕ್ಷೆಗಳನ್ನು ನಡೆಸುತ್ತಿದೆ. ಈ ಪರೀಕ್ಷೆಗಳು ಎಷ್ಟು ಸಂಗೀತಗಾರರ ಮನೆಯ ಒಲೆ ಉರಿಸುತ್ತಿವೆ ಎಂಬುದನ್ನು ಮುಂದೆ ನೋಡೋಣ.

ದರಬಾರು ಬಿಟ್ಟರೆ ಗಾಯಕರಿಗೆ ಅನ್ನ ಕೊಟ್ಟದ್ದು ನಾಟಕ ಕಂಪನಿ. ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿದ ಮೇಲೆ ಹಾಡು ಬರುವವನೇ ನಟನಾಗುವ ಕಾಲ ಬಂದಿತು. ಕನ್ನಡದಲ್ಲಿಯೂ ಗದಗಿನ ಗರುಡ ಸದಾಶಿವರಾಯರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿಗಳು ಹೆಸರು ಮಾಡಿದವು. ಮುಂದೆ ‘ಸವಾಯಿ ಗಂಧರ್ವ’ರೆಂದು ಖ್ಯಾತರಾದ ಕುಂದಗೋಳದ ರಾಮಭಾವು ಅವರು ಅಬ್ದುಲ್ ಕರೀಮ್ ಖಾನರಲ್ಲಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಬಹುಕಾಲ ದುಡಿದರು. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ಕಾಲಿಟ್ಟದ್ದು ನಾಟಕ ಕಂಪನಿಗೇ. ಕಂಪನಿಯಲ್ಲಿ ಊಟ, ವಸತಿ, ಸಂಬಳ ಇರುತ್ತಿದ್ದವು. ಗಾಯಕನಷ್ಟೇ ಅಲ್ಲ, ಪೇಟಿ ಮಾಸ್ತರ, ತಬಲಾದವ, ಸಾರಂಗಿಯವ ಎಲ್ಲರಿಗೂ ವರ್ಷವಿಡೀ ಕೆಲಸ. ಸಂಗೀತಗಾರನಿಗೆ ತಿಂಗಳ ಸಂಬಳವೆಂಬುದು ನಮ್ಮ ಕಡೆ ಇಷ್ಟು ವ್ಯಾಪಕವಾಗಿ ಸಿಕ್ಕಿದ ಕಾಲ ಅದೊಂದೇ ಇರಬೇಕು.

೧೯೩೧ರಲ್ಲಿ ‘ಆಲಂ ಆರಾ’ ತೆರೆಗೆ ಬಂತು. ಪರದೆಯ ಮೇಲಿನ ಚಿತ್ರ ಮಾತನಾಡತೊಡಗಿತು, ಹಾಡತೊಡಗಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಸಂಗೀತ ನಾಟಕ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಬಾಲಗಂಧರ್ವರಂಥ ಅಪ್ರತಿಮ ಗಾಯಕ ನಟರೇ ಕಂಪನಿಯ ಸಾಲದಲ್ಲಿ ಮುಳುಗಿ, ಇಳಿವಯಸ್ಸಿನಲ್ಲಿ ಕಷ್ಟಪಟ್ಟರೆಂದ ಮೇಲೆ ಹಿಂದೆ ಕುಳಿತು ಪೇಟಿ ನುಡಿಸುತ್ತಿದ್ದವರ ಗತಿಯನ್ನು ಊಹಿಸಬಹುದು. ಮೂಕಿ ಚಿತ್ರಗಳ ಕಾಲದಲ್ಲಿ ಚಿತ್ರಮಂದಿರದಲ್ಲಿ ತೆರೆಯ ಮುಂದೆ ಕುಳಿತು ತಬಲಾ, ಪೇಟಿ ನುಡಿಸುವವರಿದ್ದರು. ಅವರ ಕೆಲಸವೂ ಹೋಯಿತು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೇರಿಕದಲ್ಲಿ ಸಾವಿರಾರು ವಾದ್ಯಗಾರರು ಹೀಗೆಯೇ ಕೆಲಸ ಕಳೆದುಕೊಂಡರು. ಅವರ ಸಂಘ ೧೯೪೨ರಲ್ಲಿ, ಧ್ವನಿಮುದ್ರಣಕ್ಕೆ ನುಡಿಸುವುದನ್ನೇ ನಿಲ್ಲಿಸಿ ಎರಡು ವರ್ಷ ಹಟ ಹಿಡಿದು, ಮಾರಾಟವಾಗುವ ಪ್ರತಿ ತಟ್ಟೆಯ ಮೇಲೂ ಸಂಘದ ನಿಧಿಗೆ ಇಷ್ಟು ಎಂದು ಪಡೆಯಿತು. ನಮ್ಮ ಗವಾಯಿಗಳಿಗೆ ಅಂಥ ಸಂಘವಿರಲಿಲ್ಲ. ಒಂದು ಘರಾಣೆಯವರು ಇನ್ನೊಂದು ಘರಾಣೆಯವರೊಡನೆ ಕೂಡಿ ಕುಳಿತುಕೊಳ್ಳುವುದೇ ಕಠಿಣವಾಗಿದ್ದಾಗ ಸಂಘ ಎಲ್ಲಿಂದ ಬರಬೇಕು?

ಗ್ರಾಮಫೋನು ಮತ್ತು ರೇಡಿಯೋ ಬಂದದ್ದರಿಂದ ಹೊಸ ದಾರಿಯೂ ತೆರೆಯಿತು. ಮನ್ಸೂರರು ಗ್ರಾಮಫೋನು ಕಂಪನಿಗೆ ಹಾಡಿದರು, ಸಂಗೀತ ನಿರ್ದೇಶಕರಾದರು. ನಂತರ ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಗದಗಿನಿಂದ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಭೀಮಸೇನ ಜೋಶಿಯವರಿಗೆ ೧೯೪೦ರ ದಶಕದಲ್ಲಿ ಮುಂಬಯಿ ರೇಡಿಯೋ ಆಸರೆಯಾಯಿತು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಹೀನಾಯವಾಗಿ ಕಾಣುತ್ತಿದ್ದ ಕಾಲ ಅದು. ಗಂಡಸು ಗವಾಯಿಗೆ ಹಣದ ಚಿಂತೆ ಒಂದಾದರೆ ಹೆಣ್ಣುಮಗಳಿಗೆ ಹಣದ ಜೊತೆಗೆ ಮಾನದ ಚಿಂತೆಯೂ ಇತ್ತು. ರೇಡಿಯೋ ಮತ್ತು ತಟ್ಟೆಗಳು ಈ ಒಂದು ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದವೆಂದೇ ಹೇಳಬೇಕು. ಯಾರ ಮನೆಯ ಬೈಠಕಿಗೂ ಹೋಗದೆ ನಾಡೆಲ್ಲ ಕೇಳುವಂತೆ ಹಾಡುವುದು ಅವರಿಗೆ ಸಾಧ್ಯವಾಯಿತು.

ರೇಡಿಯೋ ಎಲ್ಲರಿಗೂ ಒಂದೇ ರೀತಿ ಒಲಿಯಲಿಲ್ಲ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ೧೯೪೦ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪೇಟಿ ನುಡಿಸುವವರಿಗೆ ಆ ಬಾಗಿಲು ಮುಚ್ಚಿತ್ತು. ಉಳಿದವರಿಗೆ ಧ್ವನಿಪರೀಕ್ಷೆ ಇತ್ತು. ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿದ್ದವು, ಇಂದಿಗೂ ಇವೆ. ಶ್ರೇಣಿಯಂತೆ ಗೌರವಧನ. ಮೊತ್ತ ದೊಡ್ಡದಲ್ಲದಿದ್ದರೂ ‘ಆಕಾಶವಾಣಿ ಕಲಾವಿದ’ ಎಂಬ ಮಾತು ಕರಪತ್ರದ ಮೇಲೆ ಬಿದ್ದರೆ ಊರಿನವರು ನಾಲ್ಕು ಕಾಸು ಹೆಚ್ಚು ಕೊಡುತ್ತಿದ್ದರು. ನಿಲಯದಲ್ಲಿಯೇ ಸಂಬಳದ ಮೇಲೆ ದುಡಿಯುವ ಕಲಾವಿದರೂ ಇದ್ದರು. ಅಂಥ ನೇಮಕಗಳು ಈಗ ಬಹಳ ವಿರಳವಾಗಿವೆ.

ಇಷ್ಟೆಲ್ಲ ಬದಲಾವಣೆಗಳ ಹಿಂದೆ ಒಂದು ಅರ್ಥಶಾಸ್ತ್ರದ ಮಾತಿದೆ. ಅದನ್ನು ಸೊಲ್ಲಾಪುರದ ಚಾದರದ ಉದಾಹರಣೆಯಿಂದ ತಿಳಿಯೋಣ. ಕೈಮಗ್ಗದ ಕಾಲಕ್ಕೆ ನೇಕಾರನೊಬ್ಬ ದಿನವಿಡೀ ಕುಳಿತು ನೇಯ್ದದ್ದಕ್ಕಿಂತ ಅನೇಕ ಪಟ್ಟು ಬಟ್ಟೆ ಇಂದು ವಿದ್ಯುತ್ ಮಗ್ಗದ ಮುಂದೆ ನಿಂತ ಒಬ್ಬ ಕೆಲಸಗಾರನಿಂದ ಹೊರಬರುತ್ತದೆ. ಆದ್ದರಿಂದ ಒಂದು ಚಾದರದ ಮೇಲೆ ಬೀಳುವ ಕೂಲಿಯ ಖರ್ಚು ಕಡಿಮೆಯಾಯಿತು. ಆದರೆ ಯಮನ್ ರಾಗದ ವಿಲಂಬಿತ ಖ್ಯಾಲನ್ನು ವಿಸ್ತಾರವಾಗಿ ಹಾಡಲು ನೂರು ವರ್ಷದ ಹಿಂದೆ ಒಂದು ತಾಸು ಬೇಕಾಗಿತ್ತು, ಇಂದೂ ಒಂದು ತಾಸೇ ಬೇಕು. ಅಂದು ಗಾಯಕ, ತಬಲಾ, ಪೇಟಿ, ತಂಬೂರಿಗಳಿಗೆ ನಾಲ್ವರು ಬೇಕಾಗಿದ್ದರೆ ಇಂದೂ ನಾಲ್ವರೇ. ಬೇಗ ಬೇಗ ಹಾಡಿ ಅರ್ಧ ತಾಸಿನಲ್ಲಿ ಮುಗಿಸಿದರೆ ಅದು ಉತ್ಪಾದನೆಯ ಹೆಚ್ಚಳವಲ್ಲ, ರಾಗದ ಕೊಲೆ. ಇತ್ತ ಅಕ್ಕಿ, ಬೇಳೆ, ಮನೆ ಬಾಡಿಗೆ, ಬಸ್ಸಿನ ದರ ಎಲ್ಲವೂ ಏರುತ್ತಲೇ ಇರುತ್ತವೆ. ಬೇರೆ ಉದ್ಯೋಗದವರ ದುಡಿಮೆ ಏರಿದಂತೆ ನಾಲ್ವರು ಕಲಾವಿದರ ಒಂದು ಸಂಜೆಯನ್ನು ಕೊಳ್ಳುವುದು ಜನರಿಗೆ ತುಟ್ಟಿಯಾಗಿ ಕಾಣುತ್ತದೆ. ಕಲಾವಿದರಿಗಾದರೋ ಅಷ್ಟು ಹಣ ಸಾಲುವುದಿಲ್ಲ. ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೇರಿಕದ ಅರ್ಥಶಾಸ್ತ್ರಜ್ಞರು ೧೯೬೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಅವರು ಹೇಳಿದ್ದು ನಾಟಕ, ವಾದ್ಯವೃಂದಗಳ ಕುರಿತು. ನಮ್ಮ ಮೈಫಲಿಗೂ ಅದು ಹಾಗೆಯೇ ಅನ್ವಯಿಸುತ್ತದೆ.

ಇನ್ನೊಂದು ಕಾರಣವಿದೆ. ಮೊದಲು ಹಾಡುವವನ ಧ್ವನಿ ಎಷ್ಟು ದೂರ ಕೇಳುವುದೋ ಅಷ್ಟೇ ಅವನ ಮಾರುಕಟ್ಟೆ. ಆದ್ದರಿಂದ ಪ್ರತಿಯೊಂದು ತಾಲೂಕಿಗೂ ಅದರದೇ ಗವಾಯಿ, ಅದರದೇ ಸನಾದಿಯವರು ಬೇಕಾಗಿದ್ದರು. ಅವರು ನಾಡಿನಲ್ಲಿ ಮೊದಲಿಗರಾಗಿರಬೇಕೆಂದೇನೂ ಇರಲಿಲ್ಲ. ಹತ್ತು ಹಳ್ಳಿಗೆ ಒಳ್ಳೆಯವರಾದರೆ ಸಾಕಿತ್ತು. ಧ್ವನಿಮುದ್ರಣ ಬಂದ ಮೇಲೆ ಎಲ್ಲರೂ ಅತ್ಯುತ್ತಮ ಗಾಯಕನನ್ನೇ ಮನೆಯಲ್ಲಿ ಕುಳಿತು ಕೇಳಬಹುದಾಯಿತು. ಮದುವೆಯ ಮನೆಯಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯ ಕ್ಯಾಸೆಟ್ಟು ಹಚ್ಚಿದರೆ ಊರಿನ ಸನಾದಿಯವನನ್ನು ಕರೆಯುವ ಕಾರಣವಿಲ್ಲ. ೧೯೭೭ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ ಚಲನಚಿತ್ರವನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ. ಅದರ ನಾಯಕ ಬೀಳಗಿಯ ಸನಾದಿ ವಾದಕನ ಹೆಸರಿನವನು. ಚಿತ್ರದಲ್ಲಿ ಕೇಳಿಬರುವ ವಾದನ ಬಿಸ್ಮಿಲ್ಲಾ ಖಾನರದು. ಇದರಲ್ಲಿ ಯಾರ ತಪ್ಪೂ ಇಲ್ಲ. ಖಾನರ ವಾದನ ಅಮೃತವೇ ಸರಿ. ಆದರೆ ಆ ಒಂದು ಕ್ಯಾಸೆಟ್ಟು ಎಷ್ಟು ಊರುಗಳ ವೀಳ್ಯವನ್ನು ನುಂಗಿತೆಂದು ಎಣಿಸಿದವರಿಲ್ಲ.

ಈಗ ಅಕ್ಕಲಕೋಟೆಯ ಕಡೆಯ ಒಬ್ಬ ತಬಲಾ ವಾದಕ ಇದ್ದಾನೆಂದು ಇಟ್ಟುಕೊಳ್ಳೋಣ. ವಿಶಾರದ ಪರೀಕ್ಷೆಯಾಗಿದೆ, ಕೈ ಚೆನ್ನಾಗಿದೆ. ವರ್ಷಕ್ಕೆ ನಲವತ್ತು ಕಾರ್ಯಕ್ರಮ ಸಿಗುತ್ತವೆ. ಒಂದಕ್ಕೆ ಸರಾಸರಿ ೨,೫೦೦ ರೂಪಾಯಿ. ಅದು ಒಂದು ಲಕ್ಷವಾಯಿತು. ಮನೆಯಲ್ಲಿ ಹದಿನೈದು ಹುಡುಗರಿಗೆ ತಿಂಗಳಿಗೆ ನಾಲ್ಕು ನೂರರಂತೆ ಪಾಠ ಹೇಳುತ್ತಾನೆ. ಪರೀಕ್ಷೆ, ರಜೆಗಳನ್ನು ಬಿಟ್ಟು ಹತ್ತು ತಿಂಗಳಿಗೆ ೬೦,೦೦೦ ರೂಪಾಯಿ. ಒಟ್ಟು ೧,೬೦,೦೦೦. ಪ್ರಯಾಣ, ತಬಲಾದ ಪುಡಿ ಬದಲಾಯಿಸುವುದು, ಬಟ್ಟೆಬರೆ ಇವುಗಳಿಗೆ ೨೫,೦೦೦ ಕಳೆದರೆ ಕೈಯಲ್ಲಿ ಉಳಿಯುವುದು ೧,೩೫,೦೦೦; ಅಂದರೆ ತಿಂಗಳಿಗೆ ೧೧,೨೫೦ ರೂಪಾಯಿ. ಇದು ಬರಿಯ ಲೆಕ್ಕ. ನಿಜವಾದ ತೊಂದರೆ ಬೇರೆಯೇ ಇದೆ. ಈ ಹಣ ತಿಂಗಳು ತಿಂಗಳಿಗೆ ಬರುವುದಿಲ್ಲ. ಗಣೇಶ ಚೌತಿ, ನವರಾತ್ರಿ, ಲಗ್ನಸರಾಯಿಗಳಲ್ಲಿ ಒಂದೇ ದಿನ ಮೂರು ಕಡೆಯಿಂದ ಕರೆ ಬರುತ್ತದೆ. ಮೂರರಲ್ಲಿ ಒಂದಕ್ಕೇ ಹೋಗಬಹುದು. ಆಷಾಢದಲ್ಲಿ ಕೇಳುವವರೇ ಇಲ್ಲ. ಬೆರಳಿಗೆ ಪೆಟ್ಟಾದರೆ ವರ್ಷವೇ ಹೋಯಿತು. ಬ್ಯಾಂಕಿಗೆ ಸಾಲ ಕೇಳಲು ಹೋದರೆ ಸಂಬಳದ ಚೀಟಿ ಎಲ್ಲಿ ಎನ್ನುತ್ತಾರೆ. ಮೇಲಾಗಿ ಕೆಲವು ಸಂಘಟಕರು ಮಂಟಪಕ್ಕೆ, ದೀಪಕ್ಕೆ, ಧ್ವನಿವರ್ಧಕಕ್ಕೆ ಸಂಚಕಾರ ಕೊಟ್ಟು, ಕಲಾವಿದರಿಗೆ ಶಾಲು ತೆಂಗಿನಕಾಯಿ ಹಿಡಿಸಿ, ‘ಬುವಾ, ದೇವರ ಸೇವೆ ಅಂತ ತಿಳೀರಿ’ ಎನ್ನುವುದುಂಟು. ಧ್ವನಿವರ್ಧಕದವನಿಗೆ ಮಾತ್ರ ಈ ಮಾತನ್ನು ಹೇಳುವುದಿಲ್ಲ.

೨೦೨೦ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ದೇಶಕ್ಕೆ ಬೀಗ ಬಿದ್ದಾಗ ಈ ಬದುಕು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಕಂಡುಬಂದಿತು. ಅದು ಸರಿಯಾಗಿ ಜಾತ್ರೆ ಮತ್ತು ಲಗ್ನಗಳ ಕಾಲ. ಬ್ಯಾಂಡಿನವರು, ಭಜನೆಯವರು, ಗೀಗೀ ಮೇಳದವರು, ನಾಟಕದವರು ಎಲ್ಲರ ಗಳಿಕೆಯೂ ಒಂದೇ ದಿನ ನಿಂತಿತು. ಮುಂದಿನ ವರ್ಷವೂ ಹಾಗೆಯೇ ಆಯಿತು. ಅನೇಕರು ತರಕಾರಿ ಮಾರಿದರು, ರಿಕ್ಷಾ ಓಡಿಸಿದರು, ಕೂಲಿಗೆ ಹೋದರು. ಹಾಗೆ ಹೋದವರಲ್ಲಿ ಎಲ್ಲರೂ ಮರಳಿ ಬರಲಿಲ್ಲ.

ಈಗ ಹಾಡು ಮೊಬೈಲಿನಲ್ಲಿದೆ. ಕ್ಯಾಸೆಟ್ಟು, ಸಿ.ಡಿ.ಗಳು ಮಾರಾಟವಾಗುತ್ತಿದ್ದಾಗ ಕೊಂಡವನು ಒಮ್ಮೆಗೇ ಹಣ ಕೊಡುತ್ತಿದ್ದ. ೨೦೦೫ರಲ್ಲಿ ಯೂಟ್ಯೂಬು ಬಂತು. ಆಮೇಲೆ ಗಾನಾ, ಜಿಯೋಸಾವನ್, ಸ್ಪಾಟಿಫೈ ಮುಂತಾದವು ಬಂದವು. ಇವು ಹಾಡನ್ನು ಮಾರುವುದಿಲ್ಲ, ಕೇಳಿಸುತ್ತವೆ. ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣದಲ್ಲಿ ತಮ್ಮ ಪಾಲನ್ನು ತೆಗೆದುಕೊಂಡು, ಉಳಿದುದನ್ನು ಯಾವ ಹಾಡನ್ನು ಎಷ್ಟು ಸಲ ಕೇಳಿದರೆಂದು ಲೆಕ್ಕ ಹಾಕಿ ಹಂಚುತ್ತವೆ. ಒಂದು ಸಲ ಕೇಳಿದ್ದಕ್ಕೆ ಹತ್ತು ಪೈಸೆ ಬಂತೆಂದು ಧಾರಾಳವಾಗಿಯೇ ಎಣಿಸೋಣ. ಹತ್ತು ಸಾವಿರ ರೂಪಾಯಿ ಬರಬೇಕಾದರೆ ಒಂದು ಲಕ್ಷ ಸಲ ಕೇಳಬೇಕು. ಆ ಹತ್ತು ಸಾವಿರದಲ್ಲಿ ಧ್ವನಿಮುದ್ರಣದ ಕಂಪನಿಯ ಪಾಲು ಹೋಗಿ ಉಳಿದದ್ದು ಗಾಯಕನಿಗೆ. ೨೦೨೪ರಿಂದ ಸ್ಪಾಟಿಫೈ, ವರ್ಷದಲ್ಲಿ ಸಾವಿರ ಸಲವೂ ಕೇಳದ ಹಾಡಿನ ಮುದ್ರಣಕ್ಕೆ ಏನನ್ನೂ ಕೊಡುವುದಿಲ್ಲ. ಹಾಡು ಚಿಕ್ಕದಿರಲಿ ದೊಡ್ಡದಿರಲಿ ಎಣಿಕೆ ಒಂದೇ. ಮೂರು ನಿಮಿಷದ ಸಿನಿಮಾ ಹಾಡು ಒಂದು ತಾಸಿನಲ್ಲಿ ಇಪ್ಪತ್ತು ಸಲ ಎಣಿಕೆಯಾದರೆ ಒಂದು ತಾಸಿನ ದರಬಾರಿ ಕಾನಡಾ ಒಂದೇ ಸಲ ಎಣಿಕೆಯಾಗುತ್ತದೆ.

ಕಾಯಿದೆ ಇಲ್ಲವೆಂದಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಮಹತ್ವದ ತಿದ್ದುಪಡಿಯಾಯಿತು. ಅಲ್ಲಿಯವರೆಗೆ ಹಾಡು ಬರೆದವರೂ ರಾಗ ಸಂಯೋಜಿಸಿದವರೂ ಒಂದು ಸಲ ಹಣ ಪಡೆದು ಎಲ್ಲ ಹಕ್ಕನ್ನೂ ಬರೆದುಕೊಟ್ಟುಬಿಡುತ್ತಿದ್ದರು. ಈಗ ರಾಯಲ್ಟಿಯ ತಮ್ಮ ಪಾಲನ್ನು ಅವರು ಹಾಗೆ ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ, ಹಾಡಿದವರಿಗೂ ಪಾಲಿದೆ. ಹಣ ವಸೂಲಿ ಮಾಡಿ ಹಂಚಲು ೧೯೬೯ರಲ್ಲಿಯೇ ಸ್ಥಾಪನೆಯಾದ ಐಪಿಆರ್‌ಎಸ್‌ನಂಥ ಸಂಸ್ಥೆಗಳಿವೆ. ಆದರೆ ಅವು ಹಣ ಕೊಡುವುದು ಹೆಸರು ನೋಂದಾಯಿಸಿದ ಸದಸ್ಯರಿಗೆ. ಹಳ್ಳಿಯ ಪದಗಾರನಿಗೆ ಈ ವಿಷಯ ಯಾರು ಹೇಳಬೇಕು? ಇನ್ನೂ ಒಂದು ತೊಡಕಿದೆ. ಖ್ಯಾಲ್ ಹಾಡುವವನು ಹಾಡುವ ಚೀಜು ನೂರಾರು ವರ್ಷದ್ದು. ಅದಕ್ಕೆ ಕವಿಯ ಪಾಲೂ ಇಲ್ಲ, ಸಂಯೋಜಕನ ಪಾಲೂ ಇಲ್ಲ. ಆ ಚೀಜನ್ನು ಹಿಡಿದು ಒಂದು ತಾಸಿನವರೆಗೆ ಅವನು ಆಗಿಂದಾಗಲೇ ಕಟ್ಟುವ ಸ್ವರಗಳಿಗೆ ಬೆಲೆ ಕಟ್ಟುವ ಬಗೆ ಕಾಯಿದೆಗೆ ಇನ್ನೂ ಸರಿಯಾಗಿ ತಿಳಿದಂತೆ ಕಾಣುವುದಿಲ್ಲ.

ಚಲನಚಿತ್ರ ಸಂಗೀತವನ್ನು ನಂಬಿದವರ ಪಾಡೂ ಇಂಥದೇ. ಮುಂಬಯಿಯ ಸ್ಟುಡಿಯೋಗಳಲ್ಲಿ ಒಂದು ಹಾಡಿಗೆ ಐವತ್ತು, ಅರವತ್ತು ಜನ ವಾದ್ಯಗಾರರು ಕೂಡಿ ನುಡಿಸುತ್ತಿದ್ದ ಕಾಲವಿತ್ತು. ಅವರಲ್ಲಿ ಗೋವೆಯವರು ಬಹಳ. ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಅವರು ಪ್ರಸಿದ್ಧರು. ೧೯೮೦ರ ದಶಕದ ಕೊನೆಯಿಂದ ಸಿಂಥಸೈಜರು ಮತ್ತು ಗಣಕಯಂತ್ರಗಳು ಬಂದು, ಒಬ್ಬನೇ ಕುಳಿತು ಇಡೀ ವಾದ್ಯವೃಂದದ ಕೆಲಸ ಮಾಡತೊಡಗಿದ. ಈಗ ಆ ಒಬ್ಬನ ಕೆಲಸಕ್ಕೂ ಸಂಚಕಾರ ಬಂದಿದೆ. ನಾಲ್ಕು ಸಾಲಿನ ಸೂಚನೆ ಕೊಟ್ಟರೆ ತಾನೇ ಹಾಡು ಕಟ್ಟುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ೨೦೨೩ರಿಂದೀಚೆಗೆ ಎಲ್ಲರ ಕೈಗೆ ಬಂದಿವೆ.

ಹಾಗಾದರೆ ಇಂದು ಸಂಗೀತದಿಂದಲೇ ಬದುಕುವವರು ಯಾರೂ ಇಲ್ಲವೇ? ಇದ್ದಾರೆ. ವಿಜಯಪುರ, ಬಾಗಲಕೋಟೆಗಳ ಕಡೆಯ ಜಾನಪದ ಗಾಯಕರು ಚಿಕ್ಕ ಸ್ಟುಡಿಯೋದಲ್ಲಿ ಹಾಡನ್ನು ಮುದ್ರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಅದರಿಂದ ಬರುವ ಹಣ ಅಷ್ಟಕ್ಕಷ್ಟೇ. ಆದರೆ ಹಾಡು ಜನರ ಬಾಯಿಗೆ ಬಿದ್ದರೆ ಜಾತ್ರೆಯ ಕಾರ್ಯಕ್ರಮಗಳಿಗೆ ಕರೆ ಬರುತ್ತದೆ. ಮುದ್ರಣವೆಂಬುದು ಇಲ್ಲಿ ಸರಕಲ್ಲ, ಡಂಗುರ. ಆ ಹಾಡುಗಳನ್ನು ಹಗುರವೆಂದು ಮೂಗು ಮುರಿಯುವವರಿದ್ದಾರೆ. ಹಾಡು ಹೇಗೇ ಇರಲಿ, ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮ ಭಾಷೆಯಲ್ಲಿ ಹಾಡಿ ಮನೆ ನಡೆಸುವ ಉಪಾಯವನ್ನು ಈ ಹುಡುಗರು ಕಂಡುಕೊಂಡದ್ದು ಸಣ್ಣ ಮಾತಲ್ಲ.

ಶಾಸ್ತ್ರೀಯ ಸಂಗೀತಗಾರರಲ್ಲಿ ಹೆಚ್ಚಿನವರನ್ನು ಸಾಕುತ್ತಿರುವುದು ಪಾಠ. ಪರೀಕ್ಷೆಗೆ ಕೂಡುವ ಮಕ್ಕಳಿರುವವರೆಗೆ ಮಾಸ್ತರರಿಗೆ ಕೆಲಸವಿದೆ. ಈಗ ಅಂತರ್ಜಾಲದ ಮೂಲಕ ಪರದೇಶದ ಶಿಷ್ಯರಿಗೂ ಕಲಿಸುತ್ತಾರೆ. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಸಿಕ್ಕರೆ ಅದೇ ಭಾಗ್ಯ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತನ್ನು ಇಲ್ಲಿ ಹೇಳಲೇಬೇಕು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಬಡ ಮಕ್ಕಳನ್ನು ಕೂಡಿಸಿಕೊಂಡು, ಅನ್ನವಿಕ್ಕಿ, ಸಂಗೀತ ಕಲಿಸಿದರು. ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿ ಕಟ್ಟಿದರು. ೧೯೪೪ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ಅದನ್ನು ಮುನ್ನಡೆಸಿದರು. ಅಲ್ಲಿ ಕಲಿತವರು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಪುರಾಣದ ಹಾಡುಗಾರರಾಗಿ ಅನೇಕ ಊರುಗಳಲ್ಲಿದ್ದಾರೆ. ಶ್ರಾವಣದಲ್ಲಿ ನಿಮ್ಮ ಊರಿನ ಮಠಕ್ಕೆ ಬಂದು ತಿಂಗಳುಗಟ್ಟಲೆ ಪುರಾಣಕ್ಕೆ ಪೇಟಿ ನುಡಿಸುವವರನ್ನು ವಿಚಾರಿಸಿ ನೋಡಿ, ಗದಗಿನ ಹೆಸರು ಬಂದರೂ ಬರಬಹುದು.

ಹಾಡುವವರ ಬೆನ್ನಿಗೆ ವಾದ್ಯ ಮಾಡುವವರೂ ಇದ್ದಾರೆ. ಮಿರಜದ ಸಿತಾರಮೇಕರ ಮನೆತನಗಳು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ತಂಬೂರಿ, ಸಿತಾರಗಳನ್ನು ಕೈಯಿಂದ ಮಾಡುತ್ತಿವೆ. ಅದಕ್ಕೆ ಬೇಕಾಗುವ ದೊಡ್ಡ ಬುರುಡೆಗಳು ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಸುತ್ತಿನ ಹೊಲಗಳಿಂದ. ೧೯೭೦ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ವಿದ್ಯುನ್ಮಾನ ತಂಬೂರಿ ತಯಾರಾಯಿತು. ಈಗ ಮೊಬೈಲಿನಲ್ಲಿಯೇ ತಂಬೂರಿ ನುಡಿಯುತ್ತದೆ. ಗಾಯಕನಿಗೆ ಅನುಕೂಲವಾಯಿತು. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತ, ಪ್ರಯಾಣದ ಖರ್ಚನ್ನೂ ಒಂದಿಷ್ಟು ಕೈಗಾಸನ್ನೂ ಪಡೆಯುತ್ತ, ಮೈಫಲು ನಡೆಸುವುದನ್ನು ಕಲಿಯುತ್ತಿದ್ದ ಶಿಷ್ಯನ ಜಾಗ ಖಾಲಿಯಾಯಿತು. ೨೦೨೪ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಇನ್ನು ಮೇಲೆ ಬೇರೆ ಊರಿನವರು ತಮ್ಮ ತಂಬೂರಿಯನ್ನು ಮಿರಜದ್ದೆಂದು ಹೇಳಿ ಮಾರುವಂತಿಲ್ಲ. ಮಿರಜದ ಆ ಅಂಗಡಿಗಳ ಸಾಲಿನಲ್ಲಿ ಇಂದಿಗೂ ಕುಶಲಕರ್ಮಿಗಳು ಕುಳಿತು ಜವಾರಿಯನ್ನು ಅರದಿಂದ ತಿಕ್ಕುತ್ತಾರೆ, ತಂತಿಯ ಕೆಳಗೆ ನೂಲನ್ನು ಸರಿಸಿ ಸರಿಸಿ ಕಿವಿಗೊಟ್ಟು ಕೇಳುತ್ತಾರೆ.